ಗಂಟುಮೂಟೆಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಹುಮಟ್ಟಿಗೆ ಹುಟ್ಟಿದ ಊರಿನಲ್ಲಿಯೇ ಬಾಳಿ, ಹುಟ್ಟಿದ ಊರಿನಲ್ಲಿಯೇ ಕಣ್ಣು ಮುಚ್ಚಿದವರು. ವರ್ಗಾವಣೆಯ ಆದೇಶವೆಂಬುದನ್ನು ಅವರು ಕಂಡಿದ್ದರೆ ಆ ಗಾದೆಗೆ ಮೂರನೆಯ ಪಾದವೊಂದನ್ನು ಖಂಡಿತವಾಗಿಯೂ ಸೇರಿಸುತ್ತಿದ್ದರು: ಮನೆ ಎತ್ತಿ ನೋಡು. ಮನೆ ಕಟ್ಟುವವನಿಗೆ ಎಂಜಿನಿಯರು ಅಂದಾಜುಪಟ್ಟಿಯನ್ನು ಬರೆದುಕೊಡುತ್ತಾನೆ. ಮದುವೆ ಮಾಡುವವನಿಗೆ ಪುರೋಹಿತರಿಂದ ಹಿಡಿದು ಅಡಿಗೆಯವರವರೆಗೆ ಪಟ್ಟಿ ಕೊಡುವವರಿಗೆ ಕೊರತೆಯಿಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮನೆ ಎತ್ತುವವನಿಗೆ ಮಾತ್ರ ಲಾರಿಯವನು ಹೇಳಿದ ಬಾಡಿಗೆಯೇ ಅಂದಾಜು, ಅದೇ ಆಯವ್ಯಯ. ಅದನ್ನು ನಂಬಿ ಹೊರಟವನು ಹೊಸ ಊರಿನ ಮೊದಲ ತಿಂಗಳಲ್ಲಿಯೇ ಸಾಲಕ್ಕೆ ಕೈಯೊಡ್ಡುತ್ತಾನೆ.

ಮಲ್ಲೇಶ್ವರದ ಒಂದು ಸಂಸಾರವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಸಂಸಾರವೂ ಅದರ ಜಮಾಖರ್ಚಿನ ಅಂಕಿಗಳೂ ಉದಾಹರಣೆಗಾಗಿ ಮಾಡಿಕೊಂಡವು. ನಡುವೆ ಬರುವ ನಿಯಮಗಳೂ ಕಾಯಿದೆಗಳೂ ಹಾಗಲ್ಲ. ಗೃಹಸ್ಥರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ, ಮೂಲವೇತನ 70,000 ರೂಪಾಯಿ. ಗೃಹಿಣಿಯದು ಮನೆವಾರ್ತೆ, ಹಾಲಿನವನ ಲೆಕ್ಕದಿಂದ ಮಕ್ಕಳ ಶುಲ್ಕದವರೆಗೆ ಎಲ್ಲವೂ ಅವರ ಪುಸ್ತಕದಲ್ಲಿ ಇದೆ. ಮಗಳು ಎಂಟನೆಯ ತರಗತಿ, ಮಗ ಐದನೆಯ ತರಗತಿ. ಇವರೊಡನೆ ಎಪ್ಪತ್ತು ದಾಟಿದ ಅತ್ತೆಯವರು. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಆದೇಶ ಬಂತು: ದೆಹಲಿ.

ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬೆಂಗಳೂರಿನಿಂದ ಹೊರಟ ಲಾರಿ ಅನಂತಪುರ, ಕರ್ನೂಲು, ಹೈದರಾಬಾದು, ನಾಗಪುರ, ಝಾನ್ಸಿ, ಗ್ವಾಲಿಯರ್, ಆಗ್ರಾಗಳನ್ನು ದಾಟಿ ದೆಹಲಿ ಮುಟ್ಟಬೇಕು. ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಮನುಷ್ಯರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದರೆ ಊರು ಸೇರುತ್ತಾರೆ. ಪಾತ್ರೆಪಡಗ ವಾರವೋ ಹತ್ತು ದಿನವೋ ಹಿಂದೆ ಬರುತ್ತದೆ.

ಗೃಹಸ್ಥರು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಆದೇಶ ಬಂದ ದಿನ ರಾತ್ರಿಯೇ ಕಾಗದ ಹಿಡಿದು ಕುಳಿತರು. ದೆಹಲಿಯಲ್ಲಿ ಮನೆಯ ಬಾಡಿಗೆ 30,000. ಒಂದು ತಿಂಗಳ ಬಾಡಿಗೆ ಮುಂದಾಗಿ, ಎರಡು ತಿಂಗಳದು ಠೇವಣಿ, ಒಂದು ತಿಂಗಳದು ದಲ್ಲಾಳಿಗೆ, ಒಟ್ಟು 1,20,000. ಸಾಮಾನು ಸಾಗಣೆಗೆ 58,000. ಇಬ್ಬರು ಮಕ್ಕಳ ಪ್ರವೇಶ, ಸಮವಸ್ತ್ರ, ಪುಸ್ತಕಗಳಿಗೆ 55,000. ಐವರ ರೈಲು ಟಿಕೀಟಿಗೆ 17,000. ಮೊದಲೊಮ್ಮೆ ಹೋಗಿ ಮನೆ ನೋಡಿ ಬರುವುದಕ್ಕೂ, ಸಾಮಾನು ಬರುವವರೆಗೆ ತಂಗುವುದಕ್ಕೂ 30,000. ಗಾಳಿ ತಂಪು ಮಾಡುವ ಕೂಲರು, ಪರದೆ, ವಿದ್ಯುತ್ತಿನ ಕೆಲಸದವನು ಇತ್ಯಾದಿಗೆ 25,000. ಒಟ್ಟು ಖರ್ಚು 3,05,000.

ಇನ್ನು ಬರುವ ಹಣ. ಮಲ್ಲೇಶ್ವರದ ಮನೆಗೆ ವರ್ಷಗಳ ಹಿಂದೆ, ಬಾಡಿಗೆ 20,000 ಇದ್ದಾಗ, ಹತ್ತು ತಿಂಗಳ ಅಡ್ವಾನ್ಸು ಕೊಟ್ಟಿದ್ದರು. ಈಗ ಬಾಡಿಗೆ 26,000. ಸುಣ್ಣಬಣ್ಣಕ್ಕೆಂದು ಕರಾರಿನಂತೆ ಒಂದು ತಿಂಗಳದು ಕಳೆದರೆ 1,74,000 ಹಿಂದಿರುಗಬೇಕು. ಏಳನೆಯ ವೇತನ ಆಯೋಗದ ಬಳಿಕ 2017ರಲ್ಲಿ ಹೊರಟ ಆದೇಶದಂತೆ ದೂರದ ಊರಿಗೆ ವರ್ಗವಾದವರಿಗೆ ಮೂಲವೇತನದ ಶೇಕಡ 80ರಷ್ಟು ವರ್ಗಾವಣೆ ಅನುದಾನ, ಅದು 56,000. ಸಾಮಾನು ಸಾಗಣೆಗೆ ಅವರ ದರ್ಜೆಯವರಿಗೆ ಆ ಆದೇಶ ಗೊತ್ತುಮಾಡಿದ ಮಿತಿ ಕಿಲೋಮೀಟರಿಗೆ 50 ರೂಪಾಯಿ. ಇವರ ಬಿಲ್ಲು ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಕೊಟ್ಟಷ್ಟೂ, ಎಂದರೆ 58,000, ಹಿಂದಕ್ಕೆ ಬರುತ್ತದೆ. ಟಿಕೀಟಿನ ಬಾಬು ಸುಮಾರು 13,000. ಪಡೆಯುವ ಕುಟುಂಬ ಪಿಂಚಣಿಯ ಮೊತ್ತದ ಕಾರಣ ತಾಯಿ ಅವಲಂಬಿತರ ಲೆಕ್ಕಕ್ಕೆ ಬರುವುದಿಲ್ಲವಾಗಿ ಅವರ ಟಿಕೀಟನ್ನು ಬಿಟ್ಟರು. ಒಟ್ಟು ಬರುವುದು 3,01,000.

“ನೋಡಿದೆಯಾ, ನಾಲ್ಕೇ ಸಾವಿರದಲ್ಲಿ ದೆಹಲಿ ಸೇರಿದ ಹಾಗಾಯಿತು” ಎಂದು ಅವರು ಲೇಖನಿಯನ್ನು ಕೆಳಗಿಟ್ಟರು.

ಕೂಡಿಸಿ ಕಳೆಯುವುದರಲ್ಲಿ ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ಗೃಹಿಣಿ ಪಟ್ಟಿಯನ್ನು ಓದಿದರು; ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ತೆಗೆದು ಮೇಜಿನ ಮೇಲೆ ಹರಡಿದರು.

“ರೀ, ಈ ಮೂರು ಲಕ್ಷ ಯಾವ ತಾರೀಖಿಗೆ ಬರುತ್ತದೆ?”

ಅಡ್ವಾನ್ಸು ಬರುವುದು ಮನೆ ಬಿಟ್ಟು, ಬೀಗದ ಕೈ ಒಪ್ಪಿಸಿ, ಮನೆಯೊಡೆಯರಿಗೆ ಹೊಸ ಬಾಡಿಗೆದಾರ ಸಿಕ್ಕಿದ ಮೇಲೆ. ಅನುದಾನ ಮತ್ತು ಸಾಗಣೆಯ ಹಣ ಬರುವುದು ದೆಹಲಿಯಲ್ಲಿ ಬಿಲ್ಲು ಸಲ್ಲಿಸಿ, ಆ ಬಿಲ್ಲು ಮೇಜಿನಿಂದ ಮೇಜಿಗೆ ನಡೆದ ಮೇಲೆ. ಹೋಗುವ ಹಣವೋ ಏಪ್ರಿಲ್ ತಿಂಗಳೊಳಗೇ ಹೋಗಬೇಕು. ಉಳಿತಾಯದ ಖಾತೆಯಲ್ಲಿ ಇದ್ದದ್ದು 1,40,000. ಒಟ್ಟು ಲೆಕ್ಕದಲ್ಲಿ ನಾಲ್ಕು ಸಾವಿರವಾಗಿದ್ದ ಕೊರತೆ ಕ್ಯಾಲೆಂಡರಿನ ಲೆಕ್ಕದಲ್ಲಿ 1,65,000 ಆಯಿತು. ಗೃಹಸ್ಥರು ಮಾತಾಡಲಿಲ್ಲ. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಅಲ್ಲಿಂದಲೇ, “ಬರೋ ಹಣ ಬಂದ ಮೇಲೆ ಹಣ ಕಣೋ” ಎಂದರು.

ಬೆಂಗಳೂರಿನಿಂದ ಹೊರಡುವವರಿಗೆ ಈ ತೊಡಕು ಎಲ್ಲರಿಗಿಂತ ಹೆಚ್ಚು. ಹತ್ತು ತಿಂಗಳ ಅಡ್ವಾನ್ಸು ಈ ಊರಿನ ಹಳೆಯ ಪದ್ಧತಿ. ಈಚೆಗೆ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆಯಾದರೂ ದೆಹಲಿಯ ಒಂದೆರಡು ತಿಂಗಳ ಠೇವಣಿಯ ಮುಂದೆ ಅದು ದೊಡ್ಡ ಗಂಟೇ. ವರ್ಷಾನುಗಟ್ಟಲೆ ಇನ್ನೊಬ್ಬರ ಕೈಯಲ್ಲಿ ಬಡ್ಡಿಯಿಲ್ಲದೆ ಕುಳಿತ ಆ ಹಣ ತೀರ ಬೇಕಾದ ವಾರದಲ್ಲಿಯೇ ಸಿಗುವುದಿಲ್ಲ.

ಇದಕ್ಕೆ ಸಿಕ್ಕಿದ ಉಪಾಯವೂ ಹಳೆಯದೇ. ಕರಾರಿನಲ್ಲಿ ಎರಡು ತಿಂಗಳ ಮುನ್ಸೂಚನೆ ಎಂದಿತ್ತು. ಮಾರ್ಚ್ ಮೊದಲ ವಾರವೇ ನೋಟೀಸು ಕೊಟ್ಟು, ಮಾರ್ಚ್ ಮತ್ತು ಏಪ್ರಿಲ್ ಬಾಡಿಗೆಗಳನ್ನು ಅಡ್ವಾನ್ಸಿನಲ್ಲಿಯೇ ಮುರಿದುಕೊಳ್ಳುವಂತೆ ಮನೆಯೊಡೆಯರನ್ನು ಕೇಳಿ, ಒಪ್ಪಿದ ಮಾತನ್ನು ಬರಹದಲ್ಲಿ ಪಡೆದರು. 52,000 ಕೈಯಲ್ಲಿ ಉಳಿಯಿತು. ಸುಣ್ಣಬಣ್ಣಕ್ಕೆ ಮುರಿಯುವುದೆಷ್ಟು, ಉಳಿದುದನ್ನು ಯಾವ ತಾರೀಖಿನೊಳಗೆ ಕೊಡುವುದು ಎಂಬುದೂ ಅದೇ ಕಾಗದದಲ್ಲಿ ಬಂತು. ಮನೆಯ ಗೋಡೆ, ನಲ್ಲಿ, ಬಾಗಿಲುಗಳ ಚಿತ್ರಗಳನ್ನು ಹೊರಡುವ ದಿನ ತೆಗೆದಿಟ್ಟುಕೊಳ್ಳುವುದು ಎಂದು ಗೃಹಿಣಿ ಕ್ಯಾಲೆಂಡರಿನಲ್ಲಿ ಬರೆದರು. ಎರಡು ಸಾವಿರ ಕಿಲೋಮೀಟರು ದೂರ ಹೋದ ಮೇಲೆ ಮುರಿದ ನಲ್ಲಿಯ ವಿಚಾರವಾಗಿ ವಾದಿಸುವುದು ಯಾರಿಂದಲೂ ಆಗದು.

ಎರಡನೆಯದು ಕಚೇರಿಯ ಮುಂಗಡ. ವರ್ಗವಾದವರು ಪ್ರಯಾಣ ಭತ್ಯೆಯ ಮುಂಗಡವನ್ನು ಹೊರಡುವ ಮೊದಲೇ ಕೇಳಿ ಪಡೆಯಬಹುದು. ಆಮೇಲೆ ಒಟ್ಟಿಗೆ ಬರುತ್ತದೆ ಬಿಡು ಎಂಬ ಔದಾಸೀನ್ಯದಿಂದಲೋ, ಕೇಳುವುದಕ್ಕೆ ಸಂಕೋಚದಿಂದಲೋ ಬಿಡುವವರು ಅನೇಕರಿದ್ದಾರೆ. ಈ ಗೃಹಸ್ಥರೂ ಬಿಡುವವರೇ ಇದ್ದರು. ಮನೆಯ ಒತ್ತಾಯದಿಂದ ಅರ್ಜಿ ಹಾಕಿ 75,000 ಪಡೆದರು. ಖಾಸಗಿ ಕಂಪನಿಗಳ ನೌಕರರು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕು: ಸಾಗಣೆಯವರಿಗೆ ಕಂಪನಿಯೇ ನೇರವಾಗಿ ಕೊಡುತ್ತದೆಯೋ, ನೌಕರನು ಕೊಟ್ಟು ಆಮೇಲೆ ಪಡೆಯಬೇಕೋ? ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಆ ಹಣವನ್ನು ಹಿಂದಕ್ಕೆ ಕೊಡಬೇಕೆಂಬ ಷರತ್ತು ಪತ್ರದಲ್ಲಿದೆಯೇ? ಹಲವು ಕಡೆ ಇರುತ್ತದೆ.

ಇನ್ನು ಲಾರಿ. ಮೂವರನ್ನು ವಿಚಾರಿಸಿದರು. ಮೊದಲನೆಯವನು ದೂರವಾಣಿಯಲ್ಲಿಯೇ, ಮನೆಯ ಹೊಸ್ತಿಲನ್ನೂ ತುಳಿಯದೆ, 31,000 ಎಂದ. ಎರಡನೆಯವನು ಬಂದು, ಕೋಣೆ ಕೋಣೆ ಹೊಕ್ಕು, ಅಟ್ಟವನ್ನೂ ಇಣುಕಿ ನೋಡಿ 58,000 ಎಂದ. ಮೂರನೆಯವನದು 64,000. ಮೊದಲನೆಯ ಅಂಕಿಯನ್ನು ಕಂಡು ಗೃಹಸ್ಥರ ಮನಸ್ಸು ಆ ಕಡೆಗೆ ವಾಲಿತು. ಸಾಮಾನನ್ನು ನೋಡದೆ ಹೇಳಿದ ಬೆಲೆ ಬೆಲೆಯಲ್ಲ. ಲಾರಿಗೆ ತುಂಬಿದ ಮೇಲೆ ಸಾಮಾನು ಅಂದಾಜಿಗಿಂತ ಹೆಚ್ಚಾಯಿತು ಎನ್ನುವುದು, ನಡುದಾರಿಯ ಗೋದಾಮಿನಲ್ಲಿ ಅದನ್ನು ನಿಲ್ಲಿಸಿಕೊಂಡು ಇನ್ನಷ್ಟು ಕೊಟ್ಟರೆ ಮುಂದಕ್ಕೆ ಎನ್ನುವುದು, ಈ ಕಸುಬಿನ ಕೆಟ್ಟ ಮುಖ. ಮಕ್ಕಳು ಬರಿಯ ನೆಲದ ಮೇಲೆ ಮಲಗಿರುವಾಗ ತಂದೆಯಾದವನು ಕೇಳಿದಷ್ಟು ಕೊಡುತ್ತಾನೆ.

ಎರಡನೆಯವನೊಡನೆ ಕರಾರು ಮಾಡುವ ಮುಂಚೆ ಗೃಹಿಣಿ ಕೇಳಿದ ಪ್ರಶ್ನೆಗಳು ನೆನಪಿನಲ್ಲಿಡತಕ್ಕವು. ಲಾರಿ ಇವರೊಬ್ಬರದೇ ಆಗಿರುವುದೋ, ಇತರರ ಸಾಮಾನಿನೊಡನೆ ಪಾಲಿನದೋ? ಪಾಲಿನದಾದರೆ ಬಾಡಿಗೆ ಕಡಿಮೆ, ದಿನ ಹೆಚ್ಚು. ಜಿ.ಎಸ್.ಟಿ. ಈ ಅಂಕಿಯೊಳಗೆ ಸೇರಿದೆಯೇ? ದೆಹಲಿಯಲ್ಲಿ ಮೂರನೆಯ ಮಹಡಿಗೆ ಹೊರುವ ಕೂಲಿ ಯಾರದು? ಬಿಚ್ಚಿದ ಮಂಚವನ್ನು ಅಲ್ಲಿ ಜೋಡಿಸುವವರು ಯಾರು? ಅವನ ಪಟ್ಟಿಯಲ್ಲಿ ರಾಜ್ಯ ಪ್ರವೇಶ ತೆರಿಗೆ ಎಂಬ ಸಾಲೊಂದು ಇತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗಲೇ ಆಕ್ಟ್ರಾಯ್, ಪ್ರವೇಶ ತೆರಿಗೆ ಮುಂತಾದವು ಅದರಲ್ಲಿ ಲೀನವಾದವು. 2018ರಲ್ಲಿ ಜಾರಿಗೆ ಬಂದ ಇ-ವೇ ಬಿಲ್ಲಿನ ನಿಯಮದಿಂದಲೂ ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ವಿನಾಯಿತಿ ಇದೆ. ಗೃಹಿಣಿ ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ನೋಡಿದರು. ಅವನು ತಾನಾಗಿಯೇ ಅದನ್ನು ಹೊಡೆದುಹಾಕಿದ.

ಸಾಮಾನಿನ ಭದ್ರತೆಯ ಮಾತನ್ನು ಇಲ್ಲಿಯೇ ಮುಗಿಸಿಬಿಡಬಹುದು. 2007ರ ರಸ್ತೆ ಸಾಗಣೆ ಕಾಯಿದೆಯೂ ಅದರ ನಿಯಮಗಳೂ ಸಾಗಣೆದಾರನ ಹೊಣೆಯನ್ನು ಸಾಮಾನ್ಯವಾಗಿ ಬಾಡಿಗೆಯ ಹತ್ತರಷ್ಟಕ್ಕೆ ಮಿತಗೊಳಿಸುತ್ತವೆ. ಅದೂ ಕಾಗದದಲ್ಲಿ ಬರೆದ ಮೌಲ್ಯವನ್ನು ಮೀರುವಂತಿಲ್ಲ. ಆದ್ದರಿಂದ ಮೌಲ್ಯದ ಅಂಕಣವನ್ನು ಖಾಲಿ ಬಿಟ್ಟು ಸಹಿ ಹಾಕಬಾರದು. ನಷ್ಟವಾದರೆ ಮೊಕದ್ದಮೆಗೆ ಮುಂಚೆ ಲಿಖಿತ ನೋಟೀಸು ಕೊಡಬೇಕು; ಸಾಮಾನನ್ನು ಸಾಗಣೆಗೆ ಬುಕ್ ಮಾಡಿದ ದಿನದಿಂದ 180 ದಿನ ಅದಕ್ಕೆ ಗಡುವು. ವಿಮೆ ಮಾಡಿಸುವವರು ವಿಮಾ ಕಂಪನಿಯೇ ತಮ್ಮ ಹೆಸರಿನಲ್ಲಿ ಕೊಟ್ಟ ಪಾಲಿಸಿಯನ್ನು ಕೇಳಿ ಪಡೆಯಬೇಕು. ಸಾಗಣೆಯವನು ರಸೀತಿಯ ಮೂಲೆಯಲ್ಲಿ ಗೀಚಿಕೊಟ್ಟದ್ದು ಪಾಲಿಸಿಯಲ್ಲ. ಒಡವೆ, ಅಂಕಪಟ್ಟಿ, ಪಿಂಚಣಿಯ ಕಾಗದಗಳು, ಅಜ್ಜಿಯ ಔಷಧಿಗಳು ಕೈಚೀಲದಲ್ಲಿಯೇ ಇರಬೇಕೆಂದು ಹೇಳಬೇಕಾಗಿಲ್ಲ.

ಸಾಗಣೆಯವನು ಟೇಪು ಹಿಡಿದು ಹಿತ್ತಿಲಿಗೆ ಬಂದಾಗ ಮನೆಯಲ್ಲಿ ಸಣ್ಣದೊಂದು ಯುದ್ಧವಾಯಿತು. ಹಿತ್ತಿಲ ಮೂಲೆಯಲ್ಲಿ ಅತ್ತೆಯವರ ಒರಳುಕಲ್ಲು ಇತ್ತು. ಮದುವೆಯಾಗಿ ಬಂದಾಗಿನಿಂದ ಅವರ ಕೈ ತಿರುವಿದ ಕಲ್ಲು. ಮಿಕ್ಸಿ ಬಂದ ಮೇಲೂ ಹಬ್ಬದ ದಿನ ಚಟ್ನಿಗೆ ಅದೇ ಬೇಕು. “ಇದನ್ನು ಬರೆಯಬೇಡಪ್ಪ, ಇದು ಬರುವುದಿಲ್ಲ” ಎಂದು ಗೃಹಸ್ಥರು ಮೆಲ್ಲಗೆ ಹೇಳಿದರು. ದೆಹಲಿಗೆ ಕಲ್ಲು ಹೊರುವುದೇ, ನಾಲ್ಕು ಜನ ಕೇಳಿದರೆ ನಗುವುದಿಲ್ಲವೇ ಎಂಬುದು ಅವರ ಭಾವ. ನಡುಮನೆಯ ಮೂವರು ಕೂರುವ ಸೋಫಾವನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಬೇಕೆಂದು ಅವರು ಆಗಲೇ ಅಪ್ಪಣೆ ಮಾಡಿದ್ದರು.

“ತೂಕಕ್ಕೆ ದರವಿಲ್ಲ ಸಾರ್, ಜಾಗಕ್ಕೆ ದರ” ಎಂದ ಅವನು.

ಸಂಸಾರದ ಸಾಮಾನು ಲಾರಿಯ ತೂಕದ ಮಿತಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಬಹಳ ಮೊದಲೇ ಜಾಗ ತುಂಬಿಹೋಗುತ್ತದೆ. ಅದಕ್ಕಾಗಿಯೇ ಈ ಕಸುಬಿನವರು ಘನ ಅಡಿಯಲ್ಲಿ ಅಳೆಯುತ್ತಾರೆ. ಇವರ ಒಟ್ಟು ಸಾಮಾನು 700 ಘನ ಅಡಿ. 58,000ವನ್ನು ಭಾಗಿಸಿದರೆ ಘನ ಅಡಿಗೆ ಸುಮಾರು 83 ರೂಪಾಯಿ. ಒಂದೂವರೆ ಅಡಿ ಉದ್ದಗಲ ಎತ್ತರದ ಒರಳುಕಲ್ಲು ಮೂರೂವರೆ ಘನ ಅಡಿಯೊಳಗೆ ಮುಗಿಯಿತು. ಅದರ ಪ್ರಯಾಣದ ವೆಚ್ಚ 280 ರೂಪಾಯಿ. ಆರೂವರೆ ಅಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಸೋಫಾ 58 ಘನ ಅಡಿ ಮೀರಿತು; ಅದರ ಟಿಕೀಟು 4,800 ರೂಪಾಯಿ. ಹಳೆಯ ಸಾಮಾನಿನವನು ಆ ಸೋಫಾಕ್ಕೆ ಕಟ್ಟಿದ ಬೆಲೆ 5,000.

ಈ ಲೆಕ್ಕವನ್ನು ಗೃಹಿಣಿ ಅಂದೇ ರಾತ್ರಿ ಮನೆಯ ಪ್ರತಿಯೊಂದು ದೊಡ್ಡ ವಸ್ತುವಿಗೂ ಹಾಕಿದರು. ಜೋಡಿಮಂಚ, ಪ್ಲೈವುಡ್ಡಿನ ಕಪಾಟು, ಸೋಫಾ ಈ ಮೂರೂ ಪಟ್ಟಿಯಿಂದ ಇಳಿದವು. ಪ್ಲೈವುಡ್ಡು ಒಮ್ಮೆ ಬಿಚ್ಚಿ ಜೋಡಿಸಿದರೆ ತಿರುಪು ಹಿಡಿಯುವುದಿಲ್ಲ. ಅದನ್ನು ಒಯ್ಯುವುದು ಮುರುಕನ್ನು ಒಯ್ದಂತೆ. ಪಾತ್ರೆ, ಪುಸ್ತಕ, ಹಾಸಿಗೆ, ಹೊಲಿಗೆಯಂತ್ರ ಉಳಿದವು. ಮೂರು ವಸ್ತುಗಳ ಮಾರಾಟದಿಂದ 14,000 ಬಂತು, 110 ಘನ ಅಡಿ ತಗ್ಗಿ ಲಾರಿಯ ಬಾಡಿಗೆ 49,000ಕ್ಕೆ ಇಳಿಯಿತು. ಆ ಒಂಬತ್ತು ಸಾವಿರ ಹೇಗೂ ಸರ್ಕಾರದಿಂದ ಬರುತ್ತಿತ್ತಲ್ಲ, ಉಳಿಸಿದ್ದು ಸರ್ಕಾರಕ್ಕೆ ಎಂದು ಗೃಹಸ್ಥರು ಗೊಣಗಿದರು. ಬರುವುದು ಜುಲೈ ತಿಂಗಳಲ್ಲಿ, ಕೊಡುವುದು ಏಪ್ರಿಲ್ ತಿಂಗಳಲ್ಲಿ ಎಂದು ಉತ್ತರ ಬಂತು. ಒರಳುಕಲ್ಲು ಪಟ್ಟಿಯ ಮೊದಲನೆಯ ಸಾಲಿಗೆ ಏರಿತು.

ಸ್ಕೂಟರಿನ ವಿಚಾರ ಒಂದು ದಿನ ಹಿಡಿಯಿತು. ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವವನು ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೆ ಇಲ್ಲಿಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಲ್ಲಿ ಮತ್ತೆ ತೆರಿಗೆ; ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಭಾಗವನ್ನು ಆಮೇಲೆ ಅರ್ಜಿ ಹಾಕಿ ಕೇಳಬೇಕು. ಇಲ್ಲಿಯೂ ಮೊದಲು ಕೊಟ್ಟು ಆಮೇಲೆ ಪಡೆಯುವ ಅದೇ ಕಥೆ. ಮೇಲಿಂದ ಮೇಲೆ ವರ್ಗವಾಗುವ ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ನೌಕರರಿಗೂ 2021ರಲ್ಲಿ ಬಿ.ಎಚ್. ಸರಣಿಯ ನೋಂದಣಿ ಬಂದಿದೆ. ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು. ಕಾರು ಇರುವವರು ದೆಹಲಿಯ ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೂ ಅಲ್ಲಿ ನಿಷೇಧ ಬಂದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು; 2025ರಲ್ಲಿ ವಿಷಯ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂತು. ಹಳೆಯ ಕಾರನ್ನು ಸಾಗಿಸುವ ಮುಂಚೆ ಅಂದಿನ ನಿಯಮವನ್ನು ವಿಚಾರಿಸದೆ ಹೆಜ್ಜೆ ಇಡಬಾರದು. ಈ ಮನೆಯವರು ಆರು ವರ್ಷದ ಸ್ಕೂಟರನ್ನು 32,000ಕ್ಕೆ ಇಲ್ಲಿಯೇ ಮಾರಿದರು. ಮಾಲೀಕತ್ವ ಕೊಂಡವನ ಹೆಸರಿಗೆ ಬದಲಾದ ಮೇಲೆಯೇ ಕೀಲಿಕೈ ಕೊಟ್ಟರು. ಇದೊಂದರಲ್ಲಿ ಗೃಹಸ್ಥರು ಯಾರ ಮಾತಿಗೂ ಕಾಯಲಿಲ್ಲ.

ಬಾಡಿಗೆಯಲ್ಲಿ ಮುರಿದದ್ದು 52,000, ಮುಂಗಡ 75,000, ಸ್ಕೂಟರು 32,000, ಸೋಫಾ ಮೊದಲಾದವು 14,000, ಒಟ್ಟು 1,73,000. ಕೊರತೆ ಇದ್ದದ್ದು 1,65,000. ಲಾರಿಯ ಬಾಡಿಗೆ ಇಳಿದದ್ದು ಬೇರೆ.

ಹಣಕ್ಕೆ ತಾರೀಖು ಇರುವಂತೆ ಮಕ್ಕಳಿಗೂ ತಾರೀಖುಗಳಿವೆ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೇಸಿಗೆಯ ರಜೆ ಕೊಟ್ಟು ಅನಂತರ ತೆರೆಯುತ್ತವೆ. ದೆಹಲಿಯಲ್ಲಿ ವರ್ಷ ಏಪ್ರಿಲ್ ತಿಂಗಳಲ್ಲಿಯೇ ಆರಂಭ. ರಜೆ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ರಜೆ ಮುಗಿಸಿಕೊಂಡು ಜೂನ್ ತಿಂಗಳಲ್ಲಿ ನಿಧಾನವಾಗಿ ಹೋಗೋಣ, ಅಲ್ಲಿಯವರೆಗೆ ಗಂಡಸು ಒಬ್ಬನೇ ಇರಲಿ ಎಂದು ಹೊರಡುವ ಸಂಸಾರಗಳು ಎರಡು ಬಾಡಿಗೆ, ಎರಡು ಒಲೆ ನಡೆಸುವುದಲ್ಲದೆ, ಮಕ್ಕಳನ್ನು ಅರ್ಧ ನಡೆದ ಪಾಠದ ನಡುವೆ ಕೂರಿಸಿದಂತಾಗುತ್ತದೆ. ಎಲ್ಲರೂ ಏಪ್ರಿಲ್ ನಡುವೆ ಒಟ್ಟಿಗೆ ಹೊರಡುವುದೆಂದು ನಿಶ್ಚಯವಾಯಿತು. ಎರಡು ಸಾವಿರ ಕಿಲೋಮೀಟರಿಗೂ ದೂರ ವರ್ಗವಾದ ಕೇಂದ್ರ ನೌಕರನಿಗೆ ಸೇರುವ ಅವಧಿಯಾಗಿ ಸಿಗುವುದು ಹದಿನೈದು ದಿನ. ವಿಮಾನದಲ್ಲಿ ಹೋದರೆ ಹನ್ನೆರಡೇ. ಆ ಮೂರು ದಿನಗಳಿಗಾಗಿಯೇ ರೈಲು ಮೇಲು ಎಂದು ಮಗ ತೀರ್ಪು ಕೊಟ್ಟ.

ಮಗಳದು ಸುಲಭವಾಗಿರಲಿಲ್ಲ. ಒಂಬತ್ತನೆಯ ತರಗತಿಗೆ ಹೋಗುವ ಹುಡುಗಿ, ಸಿ.ಬಿ.ಎಸ್.ಇ. ಮಂಡಳಿಯ ನೋಂದಣಿ ಆ ತರಗತಿಯಲ್ಲಿಯೇ ಆಗುತ್ತದೆ. ಒಂದು ವರ್ಷ ತಡಮಾಡಿದರೆ ಹತ್ತನೆಯ ತರಗತಿಗೆ ನೇರವಾಗಿ ಸೇರಲು ಮಂಡಳಿಯ ಒಪ್ಪಿಗೆಗಾಗಿ ಅಲೆಯಬೇಕು. ಅದಕ್ಕಿಂತ ದೊಡ್ಡದು ಭಾಷೆ. ಅಷ್ಟರವರೆಗೆ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿ, ಪ್ರಬಂಧಕ್ಕೆ ಬಹುಮಾನ ಪಡೆದವಳು. ಹಿಂದಿಯಲ್ಲಿ ಅವಳದು ಮೂರನೆಯ ಭಾಷೆಯ ಜ್ಞಾನ. ದೆಹಲಿಯ ಲೋಧಿ ಎಸ್ಟೇಟಿನಲ್ಲಿ ಕನ್ನಡಿಗರ ಶಾಲೆಯೊಂದಿದೆ. ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಮನೆಯನ್ನು ಕಚೇರಿಯ ಬಳಿ ಹುಡುಕಬೇಕೋ, ಶಾಲೆಗೆ ಅನುಕೂಲವಾದ ಕಡೆ ಹುಡುಕಬೇಕೋ ಎಂಬ ಪ್ರಶ್ನೆ ಬಂದಾಗ ಗೃಹಸ್ಥರು ಬಾಡಿಗೆಯ ಅಂಕಿಗಳನ್ನು ಮುಂದಿಟ್ಟರು. ಮಗಳು ಏನೂ ಹೇಳಲಿಲ್ಲ. ಕನ್ನಡದ ಪುಸ್ತಕಗಳನ್ನು ಹಂಚಿಬಿಡುವ ರಾಶಿಗೆ ತಾನಾಗಿಯೇ ಸೇರಿಸಿದಳು. ಅದನ್ನು ಕಂಡವರು ಅವಳ ತಾಯಿ. ಮರುದಿನ ಲೆಕ್ಕದಲ್ಲಿ ಮಗಳ ಶಾಲೆಯ ಬಸ್ಸಿಗೆಂದು ಹೊಸ ಸಾಲೊಂದು ಬಂತು, ಪುಸ್ತಕಗಳ ರಾಶಿ ಡಬ್ಬಿಯೊಳಗೆ ಹೋಯಿತು. ಅದಕ್ಕೆ ಘನ ಅಡಿಯ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಚಿಲ್ಲರೆ ಕಾಗದಗಳನ್ನು ಕಡೆಗಣಿಸುವವರಿಗೆ ಅಡಿಗೆ ಅನಿಲದ ಒಂದು ಉದಾಹರಣೆ ಸಾಕು. ಊರು ಬಿಡುವವನು ಸಿಲಿಂಡರನ್ನೂ ರೆಗ್ಯುಲೇಟರನ್ನೂ ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆಯಬೇಕು. ಹಿಂದಿರುಗುವ ಠೇವಣಿ ಅಂದು ಕಟ್ಟಿದಷ್ಟೇ; ಹೊಸ ಊರಿನಲ್ಲಿ ಕಟ್ಟಬೇಕಾದ್ದು ಇಂದಿನ ದರ. ಒಂದು ಸಿಲಿಂಡರಿನ ಠೇವಣಿ 2022ರ ಜೂನ್ ತಿಂಗಳಲ್ಲಿ 1,450ರಿಂದ 2,200 ರೂಪಾಯಿಗೆ ಏರಿತು. ದೆಹಲಿಯ ಮನೆಗೆ ಕೊಳವೆಯ ಅನಿಲವಿದ್ದರೆ ಒಲೆಯ ಬಾಯಿಯನ್ನೇ ಬದಲಾಯಿಸಬೇಕು. ಲಾರಿಯಲ್ಲಿ ಸಿಲಿಂಡರನ್ನು ಬಚ್ಚಿಟ್ಟು ಒಯ್ಯುವ ಜಾಣರೂ ಇದ್ದಾರೆ. ಅವರ ಜಾಣತನ ಇತರರ ಸಾಮಾನಿಗೂ ಬೆಂಕಿ. ಮತದಾರರ ಪಟ್ಟಿಗೆ ಹೊಸ ಊರಿನಲ್ಲಿ 8ನೆಯ ನಮೂನೆ ತುಂಬಬೇಕು. ಆಧಾರ್, ಬ್ಯಾಂಕು, ವಿಮೆಗಳಲ್ಲಿ ವಿಳಾಸ ಬದಲಾಯಿಸಬೇಕಾದ್ದರಿಂದ ಬಾಡಿಗೆಯ ಕರಾರನ್ನು ಸೇರಿದ ವಾರವೇ ಮಾಡಿಸಿಕೊಳ್ಳುವುದು ಲೇಸು. ಬಾಡಿಗೆದಾರರ ಪೊಲೀಸ್ ಪರಿಶೀಲನೆಗೂ ಅದೇ ಬೇಕು.

ಏಪ್ರಿಲ್ ಮೊದಲ ವಾರದ ಒಂದು ಸಂಜೆ ಪಟ್ಟಿ ಪೂರ್ತಿಯಾಗಿ ಗೃಹಿಣಿ ಅದನ್ನು ಎಲ್ಲರಿಗೂ ಓದಿ ಹೇಳಿದರು. ಅತ್ತೆಯವರು ಕೊನೆಯವರೆಗೂ ಕೇಳಿ, “ನನ್ನ ಹೆಸರಿನಲ್ಲಿ ಏನು ಬರೆದಿದ್ದೀಯಮ್ಮ?” ಎಂದರು.

ಅವರ ಹೆಸರಿನಲ್ಲಿ ಇದ್ದದ್ದು ರೈಲಿನ ಟಿಕೀಟೊಂದು, 280 ರೂಪಾಯಿಯ ಕಲ್ಲೊಂದು.

“ಅಲ್ಲಿ ನಿಮಗೆ ಏನು ಬೇಕು ಅತ್ತೆ, ಹೇಳಿ. ಚಳಿಗೆ ರಜಾಯಿ, ಹೀಟರು ಎಲ್ಲವನ್ನೂ ಅಕ್ಟೋಬರ್ ಪುಟದಲ್ಲಿ ಬರೆದಿದ್ದೇನೆ. ಕಾಫಿಪುಡಿ, ತೆಂಗಿನಕಾಯಿ ಐ.ಎನ್.ಎ. ಮಾರುಕಟ್ಟೆಯಲ್ಲಿ ಸಿಗುತ್ತದಂತೆ.”

“ಅದೆಲ್ಲ ಇರಲಿ. ಹೋಗುವುದಕ್ಕೆ ಬರೆದಿದ್ದೀಯ. ಬರುವುದಕ್ಕೆ?”

ಅವರ ಮಗಳು ಮೈಸೂರಿನಲ್ಲಿದ್ದಾಳೆ. ಇಲ್ಲಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾಗಿತ್ತು. ದೂರದ ಊರಿಗೆ ಹೋಗುವವರ ಆಯವ್ಯಯದಲ್ಲಿ ಸಾಮಾನ್ಯವಾಗಿ ಕಾಣದ ಬಾಬು ಇದು: ಮದುವೆ, ಮುಂಜಿ, ಕಾಯಿಲೆ, ಸಾವು, ಅಥವಾ ಏನೂ ಇಲ್ಲದೆ ಬರಿಯ ಮುಖ ನೋಡುವ ಆಸೆ, ಇವುಗಳಿಗೆ ಹಿಂದಿರುಗಿ ಬರುವ ಖರ್ಚು. ಅದನ್ನು ಬರೆದಿಡದವರು ಬರುವುದೇ ಇಲ್ಲ, ಇಲ್ಲವೆ ಆಪತ್ತಿನ ದಿನ ಮೂರರಷ್ಟು ಬೆಲೆಯ ವಿಮಾನದ ಟಿಕೀಟಿಗೆ ಸಾಲ ಮಾಡುತ್ತಾರೆ. ಗೃಹಸ್ಥರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೃಹಿಣಿ ಬರೆದಾಗಿತ್ತು: ಅತ್ತೆಯವರಿಗೆ ಮೈಸೂರು, ವರ್ಷಕ್ಕೆ ಎರಡು ಸಲ, ತಿಂಗಳಿಗೆ 1,200.

“ಒಬ್ಬಳೇ ಎರಡು ರಾತ್ರಿ ಹೇಗಮ್ಮ ಹೋಗುತ್ತೀಯ?” ಎಂದರು ಗೃಹಸ್ಥರು.

“ಒರಳುಕಲ್ಲು ಒಂದೇ ಹೋಗುತ್ತಿಲ್ಲವೇನೋ” ಎಂದರು ಅವರು.

ಏಪ್ರಿಲ್ 16ರಂದು ಲಾರಿ ಹೊರಟಿತು. ಅದೇ ಸಂಜೆ ರೈಲು. ಸಾಮಾನು ಬಂದದ್ದು ಒಂಬತ್ತನೆಯ ದಿನ. ಎರಡು ಗಾಜಿನ ಲೋಟಗಳೂ ಮೇಜಿನ ಒಂದು ಕಾಲೂ ಮುರಿದಿದ್ದವು. ಒಪ್ಪಿಸಿಕೊಂಡ ಕಾಗದದ ಮೇಲೆ ಗೃಹಿಣಿ ಅದನ್ನು ಬರೆದು, ಆಮೇಲೆಯೇ ಸಹಿ ಹಾಕಿದರು. ಒರಳುಕಲ್ಲನ್ನು ಮೂರನೆಯ ಮಹಡಿಗೆ ಹೊತ್ತ ಆಳುಗಳು ಚಹಾಕ್ಕೆಂದು 200 ರೂಪಾಯಿ ಹೆಚ್ಚಿಗೆ ಕೇಳಿದರು. ಅತ್ತೆಯವರು ತಮ್ಮ ಪಿಂಚಣಿಯಿಂದ ಕೊಟ್ಟರು.

ಮಲ್ಲೇಶ್ವರದ ಅಡ್ವಾನ್ಸಿನಲ್ಲಿ ಉಳಿದಿದ್ದ 1,22,000 ಮೇ 27ರಂದು ಬಂತು, ಕಾಗದದಲ್ಲಿ ಇದ್ದ ತಾರೀಖಿಗಿಂತ ಹನ್ನೆರಡು ದಿನ ತಡವಾಗಿ. ಗೃಹಿಣಿ ಕ್ಯಾಲೆಂಡರಿನ ಆ ಚೌಕಕ್ಕೆ ಅಡ್ಡಗೆರೆ ಎಳೆದರು. ಕಚೇರಿಯಿಂದ ಬರಬೇಕಾದ 43,000 ಇನ್ನೂ ಜುಲೈ ಪುಟದಲ್ಲಿಯೇ ಇತ್ತು. ಜೂನ್ ಒಂದನೆಯ ತಾರೀಖು ಅವರು ಎರಡನೆಯ ಸಲ 1,200 ರೂಪಾಯಿ ಎಣಿಸಿ ಸಾಸಿವೆಯ ಡಬ್ಬಿಯ ಪಕ್ಕದ ತಗಡಿನ ಡಬ್ಬಿಗೆ ಹಾಕಿದರು. ದಸರೆಗೆ ಟಿಕೀಟು ಸಿಗಬೇಕಾದರೆ ಎಷ್ಟು ದಿನ ಮುಂಚೆ ಕೊಳ್ಳಬೇಕೆಂದು ಅತ್ತೆಯವರು ಮೊಮ್ಮಗನನ್ನು ಆಗಲೇ ಕೇಳಿ ಇಟ್ಟುಕೊಂಡಿದ್ದರು.